ಸೂರ್ಯ ಮುಳುಗುವ ಮುನ್ನ



ಪಾಪನಿವೇದನೆಗೆ ಮುನ್ನ ನಾವೆಲ್ಲರೂ ಆತ್ಮಶೋಧನೆ ಮಾಡಿಕೊಳ್ಳುತ್ತೇವೆ. ಭಾನುವಾರದ ಬಲಿಪೂಜೆಯನ್ನು ತಪ್ಪಿಸಿದೆನೇ, ಸುಳ್ಳಾಡಿದೆನೇ, ಕೋಪಿಸಿಕೊಂಡೆನೇ ಎಂದು ಮನಸ್ಸನ್ನು ಕೇಳುತ್ತೇವೆ. ಮನೆಗೆಲಸದಾಕೆಯ ಸಂಬಳವನ್ನು ಹೇಳಿದ ದಿನಕ್ಕೆ ಕೊಟ್ಟೆನೇ ಎಂದು ಕೇಳಿಕೊಳ್ಳುವವರು ಎಷ್ಟು ಮಂದಿ? ಆಕೆ ಜ್ವರದಿಂದ ಮಲಗಿದ್ದ ಎರಡು ದಿನಗಳ ಹಣವನ್ನು ಹಿಡಿದುಕೊಂಡದ್ದು ನಮಗೆ ಬರಿಯ ಲೆಕ್ಕಾಚಾರ, ಪಾಪವೆನಿಸುವುದೇ ಇಲ್ಲ.

ಪವಿತ್ರ ಗ್ರಂಥದ ದೃಷ್ಟಿಯಲ್ಲಿ ಅದು ಪಾಪವೇ. ಕೂಲಿಯವನ ಕೂಲಿಯನ್ನು ಮರುದಿನದವರೆಗೆ ಇಟ್ಟುಕೊಳ್ಳಕೂಡದೆಂದು ಯಾಜಕಕಾಂಡದ 19ನೆಯ ಅಧ್ಯಾಯ ವಿಧಿಸುತ್ತದೆ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವಂತೂ ಹೊತ್ತು ಮುಳುಗುವುದರೊಳಗೆ ಕೊಟ್ಟು ತೀರಿಸಬೇಕೆನ್ನುತ್ತದೆ. ಏಕೆಂದರೆ ಬಡವನು ಅದನ್ನೇ ನೆಚ್ಚಿಕೊಂಡಿದ್ದಾನೆ. ಆತ ನಮ್ಮವನೋ ಹೊರಗಿನಿಂದ ಬಂದವನೋ ಎಂಬ ಭೇದವಿಲ್ಲ. ತಡೆಹಿಡಿದ ಕೂಲಿ ತಾನೇ ಬಾಯ್ತೆರೆದು ಕೂಗುತ್ತದೆಂದು ಯಕೋಬನ ಪತ್ರ ಎಚ್ಚರಿಸುತ್ತದೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1867ನೆಯ ಪರಿಚ್ಛೇದವು ಸ್ವರ್ಗಕ್ಕೆ ಮೊರೆಯಿಡುವ ಪಾಪಗಳನ್ನು ಪಟ್ಟಿ ಮಾಡುತ್ತದೆ. ಹೇಬೆಲನ ರಕ್ತದ ಮೊರೆಯಿರುವ ಆ ಪಟ್ಟಿಯಲ್ಲೇ ಕೂಲಿಕಾರರಿಗೆ ಎಸಗಿದ ಅನ್ಯಾಯವೂ ಇದೆ.

“ಫಾದರ್, ನಾವು ಆಕೆಯನ್ನು ಮನೆಯವಳಂತೆಯೇ ನೋಡಿಕೊಳ್ಳುತ್ತೇವೆ” ಎಂದು ನೀವು ಹೇಳಬಹುದು. ಒಳ್ಳೆಯದು. ಹಾಗಾದರೆ ಆಕೆಯ ಲೋಟ ಬೇರೆಯೇಕೆ? ಕ್ರಿಸ್‌ಮಸ್ಸಿಗೆ ಕೇಕು ಕೊಡುತ್ತೀರಿ, ಸೀರೆ ಕೊಡುತ್ತೀರಿ. ವರ್ಷವಿಡೀ ಕಡಿಮೆ ಕೊಟ್ಟು ಡಿಸೆಂಬರಿನಲ್ಲಿ ಸೀರೆ ಹೊದಿಸಿದರೆ ಅದು ದಾನವಲ್ಲ. ಆಕೆಯದೇ ಹಣದಲ್ಲಿ ಒಂದು ಪಾಲನ್ನು ಹಿಂದಿರುಗಿಸಿ ಕೃತಜ್ಞತೆಯನ್ನೂ ವಸೂಲು ಮಾಡಿಕೊಂಡಂತೆ. ಕರುಣೆ ದೊಡ್ಡದು, ನಿಜ. ಆದರೆ ನ್ಯಾಯ ನಿಲ್ಲಬೇಕಾದ ಜಾಗದಲ್ಲಿ ಕರುಣೆಯನ್ನು ತಂದು ನಿಲ್ಲಿಸುವುದು ವಂಚನೆ.

“ಆಕೆ ಒಪ್ಪಿಯೇ ಬಂದಿದ್ದಾಳಲ್ಲ?” ಎಂಬುದು ಇನ್ನೊಂದು ವಾದ. ಇದಕ್ಕೆ ಜಗದ್ಗುರು 13ನೆಯ ಲಿಯೋರವರು 1891ರಲ್ಲಿಯೇ ‘ರೇರುಮ್ ನೊವಾರುಮ್’ ವಿಶ್ವಪರಿಪತ್ರದಲ್ಲಿ ಉತ್ತರವಿತ್ತರು: ಹಸಿವಿಗೋ ಇನ್ನೂ ಕೆಟ್ಟದಕ್ಕೋ ಅಂಜಿ ಮಾಡಿಕೊಂಡ ಒಪ್ಪಂದ ಸ್ವತಂತ್ರ ಒಪ್ಪಂದವಲ್ಲ, ಅದು ಬಲಾತ್ಕಾರ. 2025ರಲ್ಲಿ ಆಯ್ಕೆಯಾದ ಜಗದ್ಗುರು 14ನೆಯ ಲಿಯೋರವರು ಆ ಹೆಸರನ್ನು ಆರಿಸಿಕೊಂಡದ್ದಕ್ಕೆ ಆ ಪರಿಪತ್ರವನ್ನೇ ಮುಖ್ಯ ಕಾರಣವಾಗಿ ನೀಡಿದರು. ನಮ್ಮ ರಾಜ್ಯ ಸರ್ಕಾರವೂ 2004ರಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ನಿಗದಿಪಡಿಸಿತು. ಸರ್ಕಾರ ಕಾಣಬಲ್ಲ ನ್ಯಾಯವನ್ನು ಜಪಮಾಲೆ ಹಿಡಿದ ಕೈಗಳು ಕಾಣದಿದ್ದರೆ ಹೇಗೆ?

ನಿಮಗೂ ಕಷ್ಟಗಳಿವೆ, ಬಲ್ಲೆ. ಮಕ್ಕಳ ಶಾಲೆಯ ಶುಲ್ಕ, ಮನೆಸಾಲದ ಕಂತು ಎಲ್ಲವೂ ಇವೆ. ಕೊಡಲಾಗದಿದ್ದರೆ ಕೆಲಸವನ್ನು ಕಡಿಮೆ ಮಾಡಿಸಿಕೊಳ್ಳಿ. ಮಾಡಿದ ಕೆಲಸದ ಕೂಲಿಯನ್ನು ಕಡಿಮೆ ಮಾಡಬೇಡಿ.

ಇಷ್ಟೆಲ್ಲ ಹೇಳುವ ನಾನೂ ಅಪರಾಧಿಯೇ. ಹಲವು ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರದಲ್ಲಿ ಪಾಲಕ ಸಂತರ ಹಬ್ಬ ಬಂದಿತು. ದೀಪಾಲಂಕಾರಕ್ಕೆ, ತೇರಿಗೆ, ಬ್ಯಾಂಡಿನವರಿಗೆ ಮುಂಗಡ ಕೊಟ್ಟೆ. ದೇವಾಲಯವನ್ನು ಗುಡಿಸುತ್ತಿದ್ದ ತಾಯಿಗೆ ಮಾತ್ರ, “ಹಬ್ಬ ಮುಗಿಯಲಿ, ಎರಡು ತಿಂಗಳದ್ದನ್ನೂ ಒಟ್ಟಿಗೆ ಕೊಡುತ್ತೇನೆ” ಎಂದೆ. “ಆಗಲಿ ಸ್ವಾಮಿ” ಎಂದು ಪೊರಕೆ ಎತ್ತಿಕೊಂಡು ಹೋದರು. ಹಬ್ಬದ ದಿನ ಅವರೂ ಸಾಲಿನಲ್ಲಿ ಬಂದು ಹತ್ತು ರೂಪಾಯಿ ಕಾಣಿಕೆ ಹಾಕಿದರು. ಅದು ಅಂಗಡಿಯವನಲ್ಲಿ ಮಾಡಿದ ಸಾಲದ ಹಣವೆಂದು ನನಗೆ ತಿಳಿದದ್ದು ಆಮೇಲೆ. ಅಂದು ನಾನು ಪೀಠದ ಮೇಲೆ ಅರ್ಪಿಸಿದ ಕಾಣಿಕೆಯಲ್ಲಿ ಆ ಸಾಲವೂ ಸೇರಿತ್ತು.

ಅನ್ಯಾಯದ ಗಳಿಕೆಯಿಂದ ತಂದ ಬಲಿಯನ್ನು ದೇವರು ಮೆಚ್ಚರು, ಕೂಲಿ ಕಸಿದುಕೊಳ್ಳುವುದು ರಕ್ತ ಹರಿಸಿದಂತೆ ಎನ್ನುತ್ತದೆ ಸಿರಾಖನ ಗ್ರಂಥದ 34ನೆಯ ಅಧ್ಯಾಯ. 1514ರಲ್ಲಿ ಕ್ಯೂಬಾ ದ್ವೀಪದಲ್ಲಿದ್ದ ಸ್ಪೇನಿನ ಗುರು ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಪೆಂತೆಕೋಸ್ತ್ ಹಬ್ಬದ ಪ್ರಬೋಧನೆಗೆ ಸಿದ್ಧರಾಗುತ್ತಿದ್ದಾಗ ಇದೇ ಅಧ್ಯಾಯವನ್ನು ಓದಿ ತತ್ತರಿಸಿದರು. ಅವರಿಗೂ ಬಿಟ್ಟಿ ದುಡಿಯುವ ಮೂಲನಿವಾಸಿಗಳನ್ನು ಹಂಚಿಕೊಡಲಾಗಿತ್ತು. ಅವರನ್ನು ಬಿಟ್ಟುಕೊಟ್ಟರು, ಆ ಬಳಿಕವೇ ಆಗಸ್ಟ್ 15ರಂದು ಉಳಿದ ಒಡೆಯರಿಗೆ ಬಹಿರಂಗವಾಗಿ ಬೋಧಿಸಿದರು. ಮೊದಲು ತಮ್ಮ ಮನೆ, ಆಮೇಲೆ ಬೋಧನೆ. ಆ ಕ್ರಮ ನನ್ನಂಥ ಗುರುಗಳಿಗೆ ಮೊದಲ ಪಾಠ.

ಸೋದರನಿಗೆ ನಿನ್ನ ಮೇಲೆ ಏನಾದರೂ ದೂರಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ ಸಂಧಾನ ಮಾಡಿಕೋ ಎಂದವರು ಸ್ವತಃ ಯೇಸುಸ್ವಾಮಿ. ಮುಂದಿನ ಭಾನುವಾರ ಕಾಣಿಕೆಯ ಚೀಲ ನಿಮ್ಮ ಸಾಲಿಗೆ ಬರುತ್ತದೆ. ದುಡಿದವರಿಗೆ ಕೊಡಬೇಕಾದದ್ದು ನಿಮ್ಮ ಬಳಿ ಉಳಿದಿದ್ದರೆ ಚೀಲವನ್ನು ಪಕ್ಕದವರಿಗೆ ದಾಟಿಸಿಬಿಡಿ. ಹಣವನ್ನು ಸಂಜೆಯೊಳಗೆ ಅವರ ಕೈಗೆ ಮುಟ್ಟಿಸಿ. ನಿಮ್ಮ ಧರ್ಮಕೇಂದ್ರದ ಗುರುಗಳು ಬೇಸರಿಸಿಕೊಂಡರೆ ಈ ಲೇಖನವನ್ನು ಅವರಿಗೆ ತೋರಿಸಿ.