ಬುತ್ತಿಯ ಒಡೆತನ ಯಾರದು?



ಪಟ್ಟಣದ ಕಚೇರಿಯಲ್ಲಿ ಮಧ್ಯಾಹ್ನ ತೆರೆದುಕೊಳ್ಳುವ ಊಟದ ಡಬ್ಬಿಯನ್ನು ಪರಿಸರದ ಪ್ರಶ್ನೆಯೆಂದು ನಾವು ಸಾಮಾನ್ಯವಾಗಿ ಎಣಿಸುವುದಿಲ್ಲ. ಆದರೆ ಅದರಲ್ಲಿರುವುದು ಯಾವ ಹೊಲದ ಧಾನ್ಯ, ಬೇಯಿಸಿದ ಕೈಗೆ ಸಂದದ್ದೆಷ್ಟು, ಹೊತ್ತು ತಂದವನಿಗೆ ದಕ್ಕಿದ್ದೇನು, ಉಂಡ ಮೇಲೆ ಡಬ್ಬಿ ಹೋಗುವುದೆಲ್ಲಿಗೆ ಎಂದು ಕೇಳತೊಡಗಿದರೆ ನೆಲ, ನೀರು, ದುಡಿಮೆ ಎಲ್ಲವೂ ಚರ್ಚೆಗೆ ಬರುತ್ತವೆ.

ಮುಂಬಯಿಯ ಡಬ್ಬಾವಾಲಾಗಳ ವ್ಯವಸ್ಥೆ 1890ರಲ್ಲಿ ಮಹಾದು ಹಾವಜಿ ಬಚ್ಚೆಯವರಿಂದ ಆರಂಭವಾಯಿತೆನ್ನುತ್ತಾರೆ. ಇದರಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಪುಣೆ ಜಿಲ್ಲೆಯ ಮಾವಳ, ಖೇಡ, ಜುನ್ನರ, ಅಂಬೇಗಾಂವ ಭಾಗದ ಸಹ್ಯಾದ್ರಿಯ ಮಕ್ಕಳು. ಮಳೆಯಾಶ್ರಿತ ತುಂಡು ಜಮೀನು ಕುಟುಂಬವನ್ನು ಸಾಕಲಾರದೆ ನಗರಕ್ಕೆ ಇಳಿದವರು. ಊರ ಜಾತ್ರೆಗೆ ಇಂದಿಗೂ ಕೆಲಸ ನಿಲ್ಲಿಸಿ ಗುಡ್ಡ ಹತ್ತುತ್ತಾರೆ. ಅವರ ಟ್ರಸ್ಟ್ 1956ರಲ್ಲಿ ನೋಂದಣಿಯಾಯಿತು.

ಬೆಳಿಗ್ಗೆ ಒಂಬತ್ತರ ಸುಮಾರಿಗೆ ಮನೆಮನೆಯಿಂದ ಡಬ್ಬಿಗಳನ್ನು ಸೈಕಲ್ಲಿನಲ್ಲಿ ಸಂಗ್ರಹಿಸಿ ಹತ್ತಿರದ ರೈಲು ನಿಲ್ದಾಣಕ್ಕೆ ತರುತ್ತಾರೆ. ಮುಚ್ಚಳದ ಮೇಲಿನ ಬಣ್ಣ, ಅಕ್ಷರ, ಅಂಕಿಗಳು ಹೊರಟ ಊರು, ಇಳಿಯುವ ನಿಲ್ದಾಣ, ಕಟ್ಟಡ, ಮಹಡಿಗಳನ್ನು ಹೇಳುತ್ತವೆ. ಹೆಚ್ಚು ಓದಿಲ್ಲದವರಿಗೂ ತಿಳಿಯುವ ಲಿಪಿ ಅದು. ಹಲವು ಕೈ ಬದಲಾಯಿಸಿ ಊಟದ ವೇಳೆಗೆ ತಲುಪಿದ ಡಬ್ಬಿ ಸಂಜೆಯೊಳಗೆ ಬರಿದಾಗಿ ಅದೇ ದಾರಿಯಲ್ಲಿ ಮನೆಗೆ ಮರಳುತ್ತದೆ. ಎಸೆಯುವುದೇನೂ ಉಳಿಯುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಲೆಕ್ಕದ ಪುಸ್ತಕ. ಇಪ್ಪತ್ತು, ಇಪ್ಪತ್ತೈದು ಜನರ ಗುಂಪಿಗೆ ಒಬ್ಬ ಮುಕಾದಮ. ತಿಂಗಳ ವಸೂಲಿಯಲ್ಲಿ ರೈಲು ಪಾಸು, ಕೈಗಾಡಿ, ಸೈಕಲ್ಲಿನ ಖರ್ಚು ಕಳೆದು ಉಳಿದದ್ದನ್ನು ಗುಂಪಿನವರು ಸಮನಾಗಿ ಹಂಚಿಕೊಳ್ಳುತ್ತಾರೆ. ಗಿರಾಕಿ ಕೈತಪ್ಪಿದರೆ ನಷ್ಟ ಎಲ್ಲರದು. ಆದ್ದರಿಂದಲೇ ಎಚ್ಚರವೂ ಎಲ್ಲರದು. ಅವರ ಅಚ್ಚುಕಟ್ಟನ್ನು ಹೊಗಳುವ ವ್ಯವಹಾರಶಾಸ್ತ್ರದ ಪಂಡಿತರು ಈ ಒಡೆತನವನ್ನು ಅಷ್ಟಾಗಿ ಎತ್ತಿ ಹೇಳುವುದಿಲ್ಲ.

ಆದರೂ ಇದನ್ನು ಆದರ್ಶವೆಂದು ಪೂಜಿಸಬೇಕಾಗಿಲ್ಲ. 2020ರಲ್ಲಿ ಲೋಕಲ್ ರೈಲುಗಳು ನಿಂತಾಗ ಈ ದುಡಿಮೆಯೂ ನಿಂತಿತು; ಊರಿಗೆ ಹೋದ ಅನೇಕರು ಮರಳಲಿಲ್ಲ. ಇನ್ನೊಂದು ಕೊರತೆ ಹಳೆಯದು. ಸಾಗಿಸುವವನು ಒಡೆಯನಾದನು, ನಸುಕಿನಲ್ಲೆದ್ದು ಡಬ್ಬಿ ತುಂಬಿದ ಗೃಹಿಣಿ ಮಾತ್ರ ಲೆಕ್ಕಕ್ಕೆ ಬರಲಿಲ್ಲ. ಈ ಕೊರತೆಗೆ ಉತ್ತರವೂ ಮುಂಬಯಿಯಲ್ಲೇ ಇದೆ. ಗಿರಣಿ ಕಾರ್ಮಿಕರಿಗೆ ಖಾನಾವಳಿ ನಡೆಸುತ್ತಿದ್ದ ಬಡ ಹೆಂಗಸರನ್ನು ಪ್ರೇಮಾ ಪುರಾವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳದಲ್ಲಿ ಸಂಘಟಿಸಿದರು. ಸಾಹುಕಾರನ ಬಡ್ಡಿಯಲ್ಲಿ ಮುಳುಗಿದ್ದ ಒಲೆಗಳಿಗೆ ಬ್ಯಾಂಕಿನ ಸಾಲ ದೊರೆಯುವಂತಾಯಿತು.

ಖಾನಾವಳಿ ಎಂಬ ಮಾತು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದವರಿಗೆ ಅಪರಿಚಿತವಲ್ಲ. ಸಂಘಟನೆಯೂ ಈ ನಾಡಿಗೆ ಹೊಸತಲ್ಲ. 1981ರಲ್ಲಿ ತಂಬಾಕಿನ ನ್ಯಾಯಬೆಲೆಗಾಗಿ ನಿಪ್ಪಾಣಿಯ ರೈತರು ಹೆದ್ದಾರಿಯಲ್ಲಿ ಕುಳಿತರು. ಅಲ್ಲಿನ ತಂಬಾಕು ವಖಾರಿಗಳ ಹೆಣ್ಣಾಳುಗಳು ಕೂಲಿಗಾಗಿ, ಘನತೆಗಾಗಿ ಸಂಘ ಕಟ್ಟಿದ ಕಥೆಯನ್ನು 1982ರಲ್ಲಿ ಯುಗಾಂತರ ತಂಡ ಸಾಕ್ಷ್ಯಚಿತ್ರವಾಗಿಸಿತು. ತಂಬಾಕಿನ ದೂಳು ಉಸಿರಾಡುತ್ತ ದುಡಿದವರ ಮಗಳಿಗೆ, ಮೊಮ್ಮಗಳಿಗೆ ಬೇರೊಂದು ದುಡಿಮೆ ಬೇಡವೇ?

ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ಇನ್ನೊಂದು ಮಾತು. ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಸಹ್ಯಾದ್ರಿಯಿಂದ ತರುವ ನೀರು ಈ ತಾಲೂಕುಗಳಲ್ಲಿ ಬಹುಪಾಲು ಕಬ್ಬಿಗೆ ಹರಿಯುತ್ತದೆ. ನೀರಾವರಿ ತಲುಪಿದಲ್ಲೆಲ್ಲ ಕಬ್ಬು ಮುಂದೆ ಬಂದು ಬಿಳಿಜೋಳ ಹಿಂದೆ ಸರಿಯಿತು. ಹಿಂಗಾರಿ ಜೋಳ ಕರಿನೆಲದ ಉಳಿದ ತೇವದಲ್ಲೇ ಬೆಳೆಯಬಲ್ಲದು. ಕಬ್ಬು ವರ್ಷವಿಡೀ ನೀರು ಬೇಡುತ್ತದೆ. ಜೋಳ ಬಿತ್ತಿರೆಂದು ರೈತನಿಗೆ ಉಪದೇಶ ಮಾಡುವುದು ಸುಲಭ. ಆದರೆ ಕಾರ್ಖಾನೆ ಕಬ್ಬನ್ನು ಕೊಳ್ಳುವಂತೆ ಜೋಳವನ್ನು ನಿಶ್ಚಿತ ಬೆಲೆಗೆ ಕೊಳ್ಳುವವರು ಬೇಕಲ್ಲ! ದಿನಕ್ಕೆ ಮುನ್ನೂರು ಡಬ್ಬಿ, ಡಬ್ಬಿಗೆರಡು ರೊಟ್ಟಿ ಎಂದರೆ ಆರುನೂರು ರೊಟ್ಟಿ. ಜೊತೆಗೆ ಪುಂಡಿಪಲ್ಯ, ಶೇಂಗಾ ಹಿಂಡಿ, ಜುಣಕ. ಇವು ಸುತ್ತಲಿನ ಒಣಬೇಸಾಯದ ಹೊಲಗಳಿಗೆ ಸಣ್ಣದಾದರೂ ನಂಬಿಕೆಯ ಮಾರುಕಟ್ಟೆ.

ಇಲ್ಲಿನ ನ್ಯಾಯಾಲಯ, ಬ್ಯಾಂಕು, ಕಾಲೇಜು, ಸಕ್ಕರೆ ಕಾರ್ಖಾನೆಗಳಲ್ಲಿ ಉಣ್ಣುವವರಿದ್ದಾರೆ. ರೊಟ್ಟಿ ಬಡಿಯಬಲ್ಲ ಸ್ವಸಹಾಯ ಸಂಘಗಳ ಅಕ್ಕಂದಿರಿದ್ದಾರೆ. ಸಂಸ್ಥೆ ಕಟ್ಟಲು 1997ರ ಸೌಹಾರ್ದ ಸಹಕಾರಿ ಕಾಯಿದೆಯಿದೆ. ಅಡುಗೆಯವರು, ಸಾಗಿಸುವವರು ಇಬ್ಬರೂ ಸಮಪಾಲಿನ ಸದಸ್ಯರಾಗಿ, ಸ್ಟೀಲ್ ಡಬ್ಬಿಯಲ್ಲಿ ಬುತ್ತಿ ಕೊಟ್ಟು ಡಬ್ಬಿಯನ್ನು ಮರಳಿ ತರುವ ಕೂಟವೊಂದು ಇಲ್ಲೇಕೆ ಹುಟ್ಟಬಾರದು?

ತೊಡಕುಗಳನ್ನು ಮರೆಮಾಚಲಾರೆವು. ಇವು ಮುಂಬಯಿಯಲ್ಲ. ಮಿರಜ್ ಮಾರ್ಗದ ರೈಲು ಶೇಡಬಾಳ, ಉಗಾರ, ಕುಡಚಿ, ರಾಯಬಾಗಗಳನ್ನು ಮುಟ್ಟಿದರೂ ಲೋಕಲ್ ರೈಲಿನಂತೆ ನಿಮಿಷಕ್ಕೊಂದು ಬರುವುದಿಲ್ಲ. ಆದ್ದರಿಂದ ಒಂದು ಪಟ್ಟಣ, ಸೈಕಲ್ಲಿನ ಅಳವಿನ ದೂರ, ತಿಂಗಳ ಮುಂಗಡ ಕೊಡುವ ಗಿರಾಕಿಗಳು, ಇಷ್ಟರಿಂದಲೇ ತೊಡಗಬೇಕು. ಮೊದಲ ವರ್ಷ ಲಾಭ ಬರದಿರಬಹುದು. ಸಹಕಾರ ಸಂಘಗಳು ಕೆಲವರ ಮನೆಯ ಸ್ವತ್ತಾಗುವುದನ್ನು ಕಂಡಿರುವ ಈ ನಾಡಿನ ಜನ, ಲೆಕ್ಕವನ್ನು ಎಲ್ಲರೆದುರು ಓದುವ ಪದ್ಧತಿಯನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು.

ಮೊಬೈಲಿನಲ್ಲಿ ಊಟ ತರಿಸುವ ಕಂಪನಿಗಳು ಸಣ್ಣ ಪಟ್ಟಣಗಳಿಗೂ ಬರುತ್ತಿವೆ. ಅವುಗಳಲ್ಲಿ ದುಡಿಯುವ ಯುವಕರ ರಕ್ಷಣೆಗೆ ಕರ್ನಾಟಕ 2025ರಲ್ಲಿ ಕಾನೂನು ತಂದದ್ದು ಸ್ವಾಗತಾರ್ಹ. ಆದರೆ ಕಾನೂನು ಆಳಿಗೆ ರಕ್ಷಣೆ ಕೊಡಬಲ್ಲದು, ಅವನನ್ನು ಒಡೆಯನನ್ನಾಗಿಸಲಾರದು. ಅದನ್ನು ದುಡಿಯುವವರೇ ಕೂಡಿ ಮಾಡಬೇಕು. ಗುಡ್ಡದಿಂದಿಳಿದವರು ಮುಂಬಯಿಯಲ್ಲಿ ಮಾಡಿ ತೋರಿಸಿದ್ದಾರೆ. ಗುಡ್ಡದಿಂದಿಳಿದ ನೀರುಣ್ಣುವ ಬಯಲು ನಾಡು ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಳ್ಳಲೆಂದು ನಮ್ಮ ಹಾರೈಕೆ.