ಒಬ್ಬರೇ ಕೋಡ್ ಬರೆಯುವವರಿಗೆ ಗಿಟ್‌ಹಬ್ ಒಂದೇ ಸಾಕೇ?

ಕಾಮರ್ಸ್ ಜೊತೆಗೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿರುವ ನಮ್ಮಲ್ಲಿ ಕೆಲವರು ಪಠ್ಯದ ಹೊರಗೂ ಸಣ್ಣಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದೇವೆ. ನಾನು ಬರೆದಿರುವುದು ಅಬ್ಬಾ ಅವರ ಹೊಲಿಗೆ ಅಂಗಡಿಗೆ. ಗಿರಾಕಿಗಳ ಅಳತೆ, ಅಡ್ವಾನ್ಸ್, ಬಾಕಿ, ಬಟ್ಟೆ ಕೊಡಬೇಕಾದ ದಿನ ಎಲ್ಲವೂ ಅದರಲ್ಲಿದೆ. ಪೈಥಾನ್‌ನಲ್ಲಿ ಬರೆದದ್ದು, ಮಾಹಿತಿ ಇರುವುದು ಎಸ್‌ಕ್ಯೂಲೈಟ್‌ನಲ್ಲಿ. ರಂಜಾನ್ ಕೊನೆಯ ವಾರದಲ್ಲಿ ಅದು ಒಂದು ಗಂಟೆ ನಿಂತರೂ ಅಂಗಡಿಯ ಮುಂದೆ ಜಗಳವಾಗುತ್ತದೆ. ಆದ್ದರಿಂದ ಕೋಡನ್ನು ಯಾವುದರಲ್ಲಿ ಇಡಬೇಕು, ಎಲ್ಲಿ ಇಡಬೇಕು ಎಂಬುದು ನನಗೆ ಬರೀ ಲ್ಯಾಬ್ ರೆಕಾರ್ಡಿನ ಪ್ರಶ್ನೆಯಲ್ಲ.

"ನಾನು ಒಬ್ಬನೇ ಬರೆಯುವುದು, ನನಗೇಕೆ ವರ್ಷನ್ ಕಂಟ್ರೋಲ್?" ಎಂದು ಗೆಳೆಯರು ಕೇಳುತ್ತಾರೆ. ಅವರ ಪೆನ್‌ಡ್ರೈವ್ ತೆರೆದರೆ "ಫೈನಲ್", "ಫೈನಲ್ 2", "ಹೊಸ ಫೈನಲ್" ಎಂಬ ಫೋಲ್ಡರುಗಳು ಕಾಣುತ್ತವೆ. ಯಾವುದು ನಿಜವಾದ ಫೈನಲ್ ಎಂದು ಅವರಿಗೂ ಗೊತ್ತಿರುವುದಿಲ್ಲ. ಕಾಮರ್ಸ್ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸುವುದು ಸುಲಭ. ಲೆಕ್ಕದ ಪುಸ್ತಕದಲ್ಲಿ ತಪ್ಪು ಎಂಟ್ರಿಯನ್ನು ನಾವು ಕೆರೆದು ಅಳಿಸುವುದಿಲ್ಲ, ಸರಿಪಡಿಸುವ ಇನ್ನೊಂದು ಎಂಟ್ರಿ ಹಾಕುತ್ತೇವೆ. ಪ್ರತಿ ಜರ್ನಲ್ ಎಂಟ್ರಿಯ ಕೆಳಗೆ ಏಕೆ ಎಂದು ಒಂದು ಸಾಲು ನರೇಷನ್ ಬರೆಯುತ್ತೇವೆ. ಗಿಟ್‌ನಲ್ಲಿ ಕಮಿಟ್ ಎಂದರೆ ಇದೇ: ಏನು ಬದಲಾಯಿತು, ಯಾವಾಗ, ಯಾರಿಂದ, ಏಕೆ. 'ರಿವರ್ಟ್' ಎಂಬ ಆಜ್ಞೆ ಕೊಟ್ಟರೆ ಹಳೆಯ ಕಮಿಟ್ ಅಲ್ಲೇ ಉಳಿದು, ಅದಕ್ಕೆ ವಿರುದ್ಧವಾದ ಹೊಸ ಕಮಿಟ್ ಸೇರುತ್ತದೆ. (ಹಳೆಯ ಪುಟವನ್ನೇ ಹರಿದುಹಾಕುವ ಆಜ್ಞೆಗಳೂ ಗಿಟ್‌ನಲ್ಲಿವೆ. ನಮ್ಮ ಅಕೌಂಟೆನ್ಸಿ ಮೇಡಂ ಅವನ್ನು ಖಂಡಿತ ಒಪ್ಪುವುದಿಲ್ಲ.) ಏಕವ್ಯಕ್ತಿ ಮಾಲೀಕತ್ವದ ಅಂಗಡಿಗೂ ಲೆಕ್ಕದ ಪುಸ್ತಕ ಬೇಡವೇ? ಲಾಭವೆಲ್ಲ ಒಬ್ಬನದೇ ಆದಂತೆ ಹೊಣೆಯೂ ಒಬ್ಬನದೇ, ಅದೂ ಮಿತಿಯಿಲ್ಲದ ಹೊಣೆ ಎಂದು ಬಿಸಿನೆಸ್ ಸ್ಟಡೀಸ್‌ನಲ್ಲಿ ಓದಿದ್ದೇವೆ. ಒಬ್ಬರೇ ಕೋಡ್ ಬರೆಯುವವರ ಸ್ಥಿತಿಯೂ ಹಾಗೆಯೇ. ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಗಿಟ್ ಬೇರೆ, ಗಿಟ್‌ಹಬ್ ಬೇರೆ ಎಂಬುದನ್ನು ಇಲ್ಲಿ ಹೇಳಲೇಬೇಕು. ನಮ್ಮ ತರಗತಿಯಲ್ಲಿ ಎರಡನ್ನೂ ಒಂದೇ ಎಂದುಕೊಂಡವರೇ ಹೆಚ್ಚು. ಲಿನಕ್ಸ್ ಕರ್ನಲ್ ಬರೆಯುವವರು ಮೊದಲು ಬಿಟ್‌ಕೀಪರ್ ಎಂಬ ಕಂಪನಿ ತಂತ್ರಾಂಶವನ್ನು ಉಚಿತವಾಗಿ ಬಳಸುತ್ತಿದ್ದರು. ಆ ಅನುಮತಿ ಹೋದಾಗ ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ತಾವೇ ಗಿಟ್ ಬರೆಯಲು ಕುಳಿತರು. ಅದು ನಮ್ಮ ಕಂಪ್ಯೂಟರಿನಲ್ಲೇ ಓಡುವ ಉಚಿತ ತಂತ್ರಾಂಶ, ಇಂಟರ್ನೆಟ್ ಬೇಕಿಲ್ಲ. ಲ್ಯಾಪ್‌ಟಾಪ್ ಇಲ್ಲದವರು ಆಂಡ್ರಾಯ್ಡ್ ಫೋನಿನ ಟರ್ಮಕ್ಸ್‌ನಲ್ಲೂ ಹಾಕಿಕೊಳ್ಳಬಹುದು. ಗಿಟ್‌ಹಬ್ 2008ರಲ್ಲಿ ಶುರುವಾದ ಕಂಪನಿ. ಗಿಟ್ ರೆಪೊಸಿಟರಿಗಳನ್ನು ಇಡಲು ಅದು ಜಾಗ ಕೊಡುತ್ತದೆ. 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು 750 ಕೋಟಿ ಡಾಲರಿಗೆ ಕೊಂಡಿತು.

ಗಿಟ್ ಬಿಟ್ಟು ಬೇರೆ ಸಾಧನ ಇಲ್ಲವೇ? ಇದೆ. ಫಾಸಿಲ್ ನನಗೆ ತುಂಬಾ ಹಿಡಿಸಿತು. ಎಸ್‌ಕ್ಯೂಲೈಟ್ ಬರೆದ ರಿಚರ್ಡ್ ಹಿಪ್ ಅವರೇ ಬರೆದದ್ದು, ಎಸ್‌ಕ್ಯೂಲೈಟ್‌ನ ಕೋಡ್ ಇರುವುದೂ ಅದರಲ್ಲೇ. ಕೋಡಿನ ಇತಿಹಾಸ, ಟಿಪ್ಪಣಿ, ದೋಷಗಳ ಪಟ್ಟಿ ಎಲ್ಲವೂ ಒಂದೇ ಫೈಲಿನಲ್ಲಿ ಇರುತ್ತವೆ. ಒಬ್ಬರೇ ಕೆಲಸ ಮಾಡುವವರಿಗೆ ಗಿಟ್‌ಗಿಂತ ಅದೇ ಸರಳ ಎಂದು ನನಗೆ ಅನ್ನಿಸುತ್ತದೆ. ಆದರೂ ನಾನು ಗಿಟ್ ಆರಿಸಿದೆ. ಕಾರಣ ಇಷ್ಟೇ: ನಾಳೆ ನಾನು ಡಿಗ್ರಿಗೆ ಬೇರೆ ಊರಿಗೆ ಹೋದರೆ ಈ ಪ್ರೋಗ್ರಾಂ ನೋಡಿಕೊಳ್ಳುವವರಿಗೆ ಗಿಟ್ ಗೊತ್ತಿರುವ ಸಾಧ್ಯತೆಯೇ ಹೆಚ್ಚು. ಗಿಟ್‌ನಲ್ಲಿ ಒಂದು ಕಿರಿಕಿರಿಯೂ ಇದೆ. ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟರೆ ಅದು ಹೆಸರಿನ ಬದಲು ಅಂಕಿಗಳ ಸಾಲನ್ನು ತೋರಿಸುತ್ತದೆ. 'ಕೋರ್.ಕೋಟ್‌ಪಾತ್' ಎಂಬ ಸೆಟ್ಟಿಂಗನ್ನು 'ಫಾಲ್ಸ್' ಮಾಡಿದರೆ ಸರಿಹೋಗುತ್ತದೆ. ಕಮಿಟ್ ಸಂದೇಶಗಳನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ, ಯಾವ ತೊಂದರೆಯೂ ಇಲ್ಲ.

ಇನ್ನು ಎಲ್ಲಿ ಇಡುವುದು? ಗಿಟ್‌ಹಬ್‌ನಲ್ಲಿ 2019ರ ಜನವರಿಯಿಂದ ಖಾಸಗಿ ರೆಪೊಸಿಟರಿಗಳು ಉಚಿತ. ಗಿಟ್‌ಲ್ಯಾಬ್‌ನಲ್ಲೂ ಉಚಿತ ಖಾತೆ ಇದೆ. ಜರ್ಮನಿಯ ಕೋಡ್‌ಬರ್ಗ್ ಲಾಭಕ್ಕಾಗಿ ನಡೆಯದ ಸಂಘ, ನನಗೆ ಅದರ ಮೇಲೆ ಗೌರವವಿದೆ. ಆದರೆ ಅದು ಮುಖ್ಯವಾಗಿ ಎಲ್ಲರಿಗೂ ತೆರೆದ ಮುಕ್ತ ತಂತ್ರಾಂಶಕ್ಕೆ ಇರುವ ಜಾಗ, ಅಂಗಡಿಯ ಖಾಸಗಿ ಕೆಲಸಕ್ಕಲ್ಲ. ಹಾಗಾಗಿ ನಾನು ಗಿಟ್‌ಹಬ್‌ನಲ್ಲೇ ಇಟ್ಟಿದ್ದೇನೆ. ಆದರೆ ಅಲ್ಲಿ ಮಾತ್ರ ಇಟ್ಟರೆ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಗೂಗಲ್‌ನಂಥ ಕಂಪನಿಯೂ ತನ್ನ ಗೂಗಲ್ ಕೋಡ್ ಸೇವೆಯನ್ನು 2016ರಲ್ಲಿ ಮುಚ್ಚಿತು. ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯುರಿಯಲ್ ಬಳಕೆದಾರರಿಗೆ ಬಾಗಿಲು ಹಾಕಿತು. ನಮ್ಮ ದೇಶದಲ್ಲೇ 2014ರ ಡಿಸೆಂಬರ್ ಕೊನೆಯಲ್ಲಿ ಸರ್ಕಾರದ ಆದೇಶದಿಂದ 32 ಜಾಲತಾಣಗಳು ನಿಂತವು, ಅವುಗಳಲ್ಲಿ ಗಿಟ್‌ಹಬ್ ಕೂಡ ಇತ್ತು. ಕೆಲವೇ ದಿನಗಳಲ್ಲಿ ಅದನ್ನು ತೆರೆದರು, ನಿಜ. ಆ ದಿನಗಳಲ್ಲಿ ಕೆಲಸ ಕೊಡಬೇಕಾಗಿದ್ದವರು ಏನು ಮಾಡಿರಬೇಕು? 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಒಬ್ಬ ಎಂಜಿನಿಯರ್ ಕೈತಪ್ಪಿನಿಂದ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಬ್ಯಾಕಪ್ ನೋಡಿದರೆ ಒಂದೊಂದೂ ಕೈಕೊಟ್ಟಿತ್ತು. ಸುಮಾರು ಆರು ಗಂಟೆಗಳ ಮಾಹಿತಿ ಹೋಯಿತು. ಗಿಟ್ ರೆಪೊಸಿಟರಿಗಳಿಗೆ ಮಾತ್ರ ಏನೂ ಆಗಲಿಲ್ಲ.

ಗಿಟ್‌ನಲ್ಲಿ ಪ್ರತಿ ಪ್ರತಿಯೂ ಪೂರ್ಣ ಇತಿಹಾಸ ಹೊತ್ತಿರುತ್ತದೆ. ಆದ್ದರಿಂದ ಎರಡನೇ ಜಾಗಕ್ಕೆ ಖರ್ಚಿಲ್ಲ. ಪೆನ್‌ಡ್ರೈವ್‌ನಲ್ಲಿ 'ಬೇರ್' ರೆಪೊಸಿಟರಿ ಒಂದನ್ನು ಮಾಡಿ, ಅದನ್ನೂ ರಿಮೋಟ್ ಎಂದು ಸೇರಿಸಿದರೆ ಆಯಿತು. ಪ್ರತಿ ಶುಕ್ರವಾರ ನಾನು ಅದಕ್ಕೂ ಪುಶ್ ಮಾಡುತ್ತೇನೆ.

ಎಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಯಾವುದನ್ನು ಇಡಬಾರದು ಎಂಬುದು. ಅಂಗಡಿಯ ಡೇಟಾಬೇಸ್‌ನಲ್ಲಿ ಹೆಂಗಸರ ಹೆಸರು, ಫೋನ್ ನಂಬರು, ಬ್ಲೌಸಿನ ಅಳತೆ ಇದೆ. ಪತ್ರಿಕೆಗಳ ಕನ್ನಡದಲ್ಲಿ ಅಮಾನತು ಎಂದರೆ ನೌಕರರನ್ನು ಕೆಲಸದಿಂದ ತಡೆದಿಡುವುದು. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು. ಆ ಅಳತೆಗಳು ಅಮಾನತ್. ರೆಪೊಸಿಟರಿ ಖಾಸಗಿಯಾಗಿದ್ದರೂ ಅವನ್ನು ಅಲ್ಲಿ ಹಾಕಬಾರದು. ಇವತ್ತು ಖಾಸಗಿಯಾದದ್ದನ್ನು ನಾಳೆ ಒಂದು ಕ್ಲಿಕ್‌ನಲ್ಲಿ ಸಾರ್ವಜನಿಕ ಮಾಡಬಹುದು. ಆಮೇಲೆ ಫೈಲ್ ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ ಅದು ಉಳಿದಿರುತ್ತದೆ. ಮೊದಲ ಕಮಿಟ್‌ಗೂ ಮುಂಚೆಯೇ '.ಗಿಟ್‌ಇಗ್ನೋರ್' ಫೈಲಿನಲ್ಲಿ ಡೇಟಾಬೇಸಿನ ಹೆಸರು ಬರೆದಿಡಬೇಕು. ಡೇಟಾಬೇಸಿನ ಬ್ಯಾಕಪ್ ಬೇರೆಯೇ ಕೆಲಸ. ಅದು ಅಂಗಡಿಯ ಬೀರುವಿನಲ್ಲಿ ಇರಲಿ. ಪಾಸ್‌ವರ್ಡುಗಳಿಗೂ ಇದೇ ನಿಯಮ.

ಗಿಟ್‌ಹಬ್‌ನಲ್ಲಿ ಹಸಿರು ಚೌಕಗಳು ತುಂಬಿದ್ದರೆ ಮುಂದೆ ಕೆಲಸ ಸಿಗುತ್ತದೆ ಎಂದು ಕೆಲವು ಸೀನಿಯರ್‌ಗಳು ಹೇಳುತ್ತಾರೆ. ಸಿಗಲಿ. ಆದರೆ ಅದಕ್ಕಾಗಿ ಎಲ್ಲವನ್ನೂ ಸಾರ್ವಜನಿಕವಾಗಿ ಇಡಬೇಡಿ. ಕಲಿಕೆಯ ಪ್ರೋಗ್ರಾಂಗಳನ್ನು ತೆರೆದಿಡಿ, ಇನ್ನೊಬ್ಬರ ಮಾಹಿತಿಗೆ ಸಂಬಂಧಿಸಿದ್ದನ್ನು ಮುಚ್ಚಿಡಿ. ಖಾತೆಗೆ ಎರಡು ಹಂತದ ಲಾಗಿನ್ ಹಾಕಿದಾಗ ಬರುವ ರಿಕವರಿ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ. ಫೋನ್ ಕಳೆದರೆ ಅವೇ ಕೀಲಿ. ನನ್ನವು ಅಮ್ಮಿಯ ಟ್ರಂಕಿನಲ್ಲಿ, ರೇಷನ್ ಕಾರ್ಡ್ ಜೊತೆ ಇವೆ.

ಉಪನ್ಯಾಸಕರಲ್ಲಿ ಒಂದು ಮನವಿ. ನಮ್ಮ ಲ್ಯಾಬ್‌ನ ಕಂಪ್ಯೂಟರುಗಳಲ್ಲಿ ಗಿಟ್ ಹಾಕಿಸಿ, ಯಾವುದಾದರೂ ಒಂದು ಯಂತ್ರದಲ್ಲಿ ಪ್ರತಿ ವಿದ್ಯಾರ್ಥಿಗೆ ಒಂದು ಬೇರ್ ರೆಪೊಸಿಟರಿ ಮಾಡಿಕೊಡಿ. ಹಣ ಬೇಕಿಲ್ಲ, ಯಾರಿಗೂ ಖಾತೆ ಬೇಕಿಲ್ಲ, ಲ್ಯಾಬ್‌ನ ಒಳಗಿನ ನೆಟ್‌ವರ್ಕ್ ಇದ್ದರೆ ಸಾಕು. ಮುಂದಿನ ಪ್ರಾಕ್ಟಿಕಲ್ ಶುರುವಾಗುವ ಮೊದಲು ಒಂದು ಶನಿವಾರ ಸಿಕ್ಕರೆ, ಹಾಕಿಕೊಡಲು ನಾನೂ ಬರುತ್ತೇನೆ.