ಎಂಜಿನ್ ಬದಲಿಸುವ ಮುನ್ನ ಬಿಚ್ಚಿಸಿ ಅಳೆಸಿ

ಮನೆಯ ಹಳೆಯ ಅಂಬಾಸಿಡರ್ ನೀಲಿ ಹೊಗೆ ಬಿಡತೊಡಗಿದರೆ ಸಾಕು, ಸಲಹೆ ಕೊಡುವವರು ಸಾಲುಗಟ್ಟುತ್ತಾರೆ. ‘ಇದನ್ನ ಬಿಚ್ಚಿ ದುಡ್ಡು ಸುರಿಯೋದ್ಯಾಕೆ ಸಾರ್? ಗುಜರಿಯಲ್ಲಿ ಇಸುಜು ಎಂಜಿನ್ ಸಿಗುತ್ತೆ. ಕೂರಿಸಿಬಿಟ್ರೆ ಬಾಣದ ಹಾಗೆ ಹೋಗುತ್ತೆ.’ ಚಿಕ್ಕಮಗಳೂರಿನ ತೋಟದ ಮನೆಯಿರಲಿ, ಮೈಸೂರಿನ ಹಳೇ ಬಡಾವಣೆಯಿರಲಿ, ಅಜ್ಜನ ಕಾಲದ ಕಾರು ಇನ್ನೂ ಶೆಡ್ಡಿನಲ್ಲಿರುವ ಕುಟುಂಬಗಳಿಗೆ ಈ ಮಾತು ಹೊಸತಲ್ಲ. ಮಾತು ಆಕರ್ಷಕವಾಗಿಯೇ ಇದೆ. ಆದರೂ ಬ್ಲಾಕ್ ಸೀಳಿಲ್ಲದಿದ್ದರೆ ಹಳೆಯ ಎಂಜಿನ್ನನ್ನೇ ಮತ್ತೆ ಕಟ್ಟಿಸಿ ಎಂದು ನಾನು ಹೇಳುತ್ತೇನೆ. ಇದರಲ್ಲಿ ಹಳೆಯದರ ಮೇಲಿನ ಮೋಹಕ್ಕಿಂತ ಲೆಕ್ಕಾಚಾರವೇ ಹೆಚ್ಚು.

ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ 2014ರ ಮೇ ತಿಂಗಳವರೆಗೂ ತಯಾರಿಸಿದ ಈ ಕಾರು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನ ಪ್ರತಿರೂಪ. ಅದರೊಳಗೆ ದಶಕಗಟ್ಟಲೆ ದುಡಿದದ್ದು 1489 ಸಿಸಿಯ ಪೆಟ್ರೋಲ್ ಎಂಜಿನ್. ಬ್ಲಾಕೂ ಎರಕದ ಕಬ್ಬಿಣ, ಹೆಡ್ಡೂ ಎರಕದ ಕಬ್ಬಿಣ. ಸಿಲಿಂಡರಿನ ಅಗಲ ಹೆಚ್ಚುಕಡಿಮೆ 73 ಮಿಲಿಮೀಟರ್. ಸವೆದರೆ ಕೊರೆದು ಅಗಲ ಮಾಡಬಹುದು ಎಂಬ ಲೆಕ್ಕದಲ್ಲೇ ಸಿಲಿಂಡರ್ ಗೋಡೆಯನ್ನು ದಪ್ಪವಾಗಿ ಬಿಟ್ಟ ಕಾಲದ ಎಂಜಿನ್ ಅದು.

ಸವೆತ ಎಲ್ಲ ಕಡೆ ಒಂದೇ ಸಮ ಆಗುವುದಿಲ್ಲ. ಪಿಸ್ಟನ್ ಮೇಲೆ ತುದಿ ಮುಟ್ಟುವ ಜಾಗದಲ್ಲಿ ಶಾಖ ಜಾಸ್ತಿ, ಆಯಿಲ್ ಕಡಿಮೆ. ಅಲ್ಲಿ ಗೋಡೆ ಬೇಗ ಸವೆಯುತ್ತದೆ. ಕನೆಕ್ಟಿಂಗ್ ರಾಡ್ ಓರೆಯಾಗಿ ತಳ್ಳುವುದರಿಂದ ಒಂದು ಪಕ್ಕ ಇನ್ನೊಂದಕ್ಕಿಂತ ಹೆಚ್ಚು ಸವೆಯುತ್ತದೆ. ದುಂಡಗಿದ್ದ ಸಿಲಿಂಡರ್ ಮೇಲ್ಗಡೆ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಆಗ ರಿಂಗ್ ಹೊಸದು ಹಾಕಿದರೂ ಆಯಿಲ್ ಕುಡಿಯುವುದು ನಿಲ್ಲುವುದಿಲ್ಲ. ‘ರಿಂಗ್ ಹಾಕಿ ಸುಮ್ಮನಾಗೋಣ’ ಎನ್ನುವ ಅಗ್ಗದ ದಾರಿ ಕೈಕೊಡುವುದು ಇಲ್ಲೇ. ಬೋರ್ ಅಂಗಡಿಯವರು ಡಯಲ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ಅಡ್ಡಡ್ಡ ಉದ್ದುದ್ದ ಅಳೆದು, ಯಾವ ಸೈಜಿನ ಪಿಸ್ಟನ್ನಿಗೆ ಕೊರೆಯಬೇಕೆಂದು ನಿರ್ಧರಿಸಬೇಕು. ಇಂಚಿನ ಸಾವಿರದಲ್ಲಿ ನಲವತ್ತು ಭಾಗ, ಅಂದರೆ ಒಂದು ಮಿಲಿಮೀಟರ್ ಅಗಲ ಮಾಡಿದರೆ ಎಂಜಿನ್ 1531 ಸಿಸಿ ಆಗುತ್ತದೆ. ಅಷ್ಟು ಕೊರೆಯಲು ಜಾಗ ಉಳಿದಿಲ್ಲವೇ? ಸ್ಲೀವ್ ಹೊಡೆಸಿ ಮತ್ತೆ ಮೂಲ ಅಳತೆಗೆ ತರಬಹುದು. ಅಂದರೆ ಒಂದೇ ಬ್ಲಾಕ್ ಹಲವು ಸಲ ಹುಟ್ಟಿ ಬರುತ್ತದೆ.

ಕ್ರ್ಯಾಂಕ್ ಗ್ರೈಂಡಿಂಗ್, ಹೊಸ ಬೇರಿಂಗ್, ಟೈಮಿಂಗ್ ಚೈನ್, ಆಯಿಲ್ ಪಂಪ್ ಎಲ್ಲ ಮಾಮೂಲಿ. ಹೆಚ್ಚಿನವರು ಮರೆಯುವುದು ಹೆಡ್ಡನ್ನು. ಹಿಂದಿನ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ಅದು ಎಕ್ಸಾಸ್ಟ್ ವಾಲ್ವ್ ಬಂದು ಬಡಿಯುವ ಸೀಟಿನ ಮೇಲೆ ತೆಳು ಪದರವಾಗಿ ಕೂತು ಕಬ್ಬಿಣವನ್ನು ಕಾಯುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲೇ ಬಂತು. ಜನರ ಶ್ವಾಸಕೋಶಕ್ಕೆ, ಮಕ್ಕಳ ಮಿದುಳಿಗೆ ಅದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಹಳೆಯ ಹೆಡ್ಡಿನ ಸೀಟುಗಳಿಗೆ ಮಾತ್ರ ರಕ್ಷಣೆ ತಪ್ಪಿತು. ಜೋರಾಗಿ ಓಡಿಸಿದಷ್ಟೂ ವಾಲ್ವ್ ಒಳಕ್ಕೆ ಕುಸಿಯುತ್ತದೆ, ಟ್ಯಾಪೆಟ್ ಸಂದು ಮುಚ್ಚಿಹೋಗುತ್ತದೆ, ಕಂಪ್ರೆಶನ್ ಬೀಳುತ್ತದೆ. ಹೆಡ್ ಇಳಿದಿರುವಾಗಲೇ ಗಟ್ಟಿ ಉಕ್ಕಿನ ಸೀಟ್ ರಿಂಗ್ ಕೂರಿಸಿದರೆ ಆ ಚಿಂತೆ ಕಳೆಯಿತು.

ಈಗ ಎಥೆನಾಲಿನ ಸರದಿ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಪ್ರಧಾನಿಯವರು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟರು. ಕಬ್ಬು ಬೆಳೆಯುವ ಮಂಡ್ಯ, ಬೆಳಗಾವಿಯ ರೈತರ ಲೆಕ್ಕ ಬೇರೆ. ಅಂಬಾಸಿಡರಿನ ಲೆಕ್ಕ ಬೇರೆ. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮ್, ಕಾರ್ಬುರೇಟರಿನ ವಾಷರುಗಳು ಎಥೆನಾಲಿಗೆ ಮೆತ್ತಗಾಗುತ್ತವೆ, ಬಿರುಕು ಬಿಡುತ್ತವೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಒಸರಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಎಂಜಿನ್ ಕಟ್ಟಿಸುವ ಹೊತ್ತಿನಲ್ಲೇ ಇವನ್ನೆಲ್ಲ ಎಥೆನಾಲ್ ತಾಳುವ ರಬ್ಬರಿಗೆ ಬದಲಿಸಿ. ಕಾರು ಮೊದಲಿದ್ದ ಹಾಗೇ ಕಾಣಲಿ, ಒಳಗಿನ ಸಾಮಾನು ಇವತ್ತಿನ ಪೆಟ್ರೋಲಿಗೆ ತಕ್ಕಂತಿರಲಿ.

ಇನ್ನು ಎಂಜಿನ್ ಬದಲಾವಣೆ. ಅದು ಅಪರಾಧವೇನಲ್ಲ, ಕಂಪನಿಯೇ ಮಾಡಿದೆ. 1990ರ ದಶಕದ ಆರಂಭದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಇದೇ ಅಂಬಾಸಿಡರಿಗೆ ಇಸುಜುವಿನ 1.8 ಲೀಟರ್ ಎಂಜಿನ್ನನ್ನು ಐದು ಗೇರಿನ ಡಬ್ಬದೊಂದಿಗೆ ಕೂರಿಸಿತು. ಮುಂಬೈಯ ಪ್ರೀಮಿಯರ್ ಕಂಪನಿ ಫಿಯಟ್ ಮೈಯೊಳಗೆ ನಿಸಾನ್ ಎಂಜಿನ್ ಇಟ್ಟು 118 ಎನ್ಇ ಮಾರಿತು. ಆದರೆ ಕಾರ್ಖಾನೆಯ ಬದಲಾವಣೆಯ ಹಿಂದೆ ನಕ್ಷೆ, ಪರೀಕ್ಷೆ, ಸರ್ಕಾರದ ಒಪ್ಪಿಗೆ ಇರುತ್ತದೆ. ಗ್ಯಾರೇಜಿನ ಬದಲಾವಣೆಯಲ್ಲಿ ಒಂದು ಎಳೆ ಎಳೆದರೆ ಹತ್ತು ಎಳೆ ಬಿಚ್ಚಿಕೊಳ್ಳುತ್ತವೆ. ಎಂಜಿನ್ ಮೌಂಟಿಂಗ್ ಹೊಸದಾಗಿ ಬೆಸೆಯಬೇಕು. ಪ್ರೊಪೆಲ್ಲರ್ ಶಾಫ್ಟಿನ ಉದ್ದ ಹೊಂದುವುದಿಲ್ಲ. ಸ್ಟೀರಿಂಗ್ ಪಕ್ಕದ ಗೇರ್ ಇದ್ದ ಹಳೆಯ ಕಾರಾದರೆ ನೆಲ ಕೊಯ್ದು ಗೇರ್ ಕಡ್ಡಿ ಮೇಲೆ ತರಬೇಕು. ರೇಡಿಯೇಟರ್ ಸಾಲದು, ವೈರಿಂಗ್ ಬೇರೆ.

ನನಗೆ ಭಯ ಹುಟ್ಟಿಸುವುದು ಬ್ರೇಕು. ಹಳೆಯ ಅಂಬಾಸಿಡರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಅರವತ್ತರಲ್ಲಿ ಹೋಗುತ್ತಿದ್ದ ಗಾಡಿ ತೊಂಬತ್ತರಲ್ಲಿ ಹೋದರೆ ನಿಲ್ಲಿಸಲು ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಚಾರ್ಮಾಡಿಯೋ ಶಿರಾಡಿಯೋ ಇಳಿಯುವಾಗ ಈ ಲೆಕ್ಕ ಚಕ್ರಗಳಲ್ಲಿ ಕಾದು ಕೆಂಪಾಗುತ್ತದೆ. ಎಂಜಿನ್ನಿಗೆ ದುಡ್ಡು ಹೊಂದಿಸಿದವರು ಬ್ರೇಕಿಗೂ ಹೊಂದಿಸುತ್ತಾರೆಂಬ ಭರವಸೆ ನನಗಿಲ್ಲ.

ಕಾನೂನೂ ಅಡ್ಡ ನಿಂತಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸವಾಗುವ ಹಾಗೆ ಮಾಲೀಕರು ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ಎಂದಾಯಿತು. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದು ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಕಾರಿನಲ್ಲಿದೆಯೇ ಎಂದು. ಇಲ್ಲದಿದ್ದರೆ ಎದುರಿನವರಿಗಾದ ನಷ್ಟವೂ ನಿಮ್ಮ ತಲೆಗೇ ಬಂದೀತು. ಕೊರೆದು ಕಟ್ಟಿದ ಎಂಜಿನ್ನಿಗೆ ಈ ತಾಪತ್ರಯವಿಲ್ಲ. ಬ್ಲಾಕ್ ಅದೇ, ನಂಬರ್ ಅದೇ.

ಇನ್ನೊಂದು ಬಾಗಿಲೂ ಮುಚ್ಚುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗದೆ ಮೂಲರೂಪದಲ್ಲಿರಬೇಕು. ಈಗ 1970ರ ದಶಕದ ಅಂಬಾಸಿಡರುಗಳು, ಪದ್ಮಿನಿಗಳು ಒಂದೊಂದಾಗಿ ಆ ವಯಸ್ಸಿಗೆ ಬರುತ್ತಿವೆ. ಇಸುಜು ಕೂರಿಸಿದ ದಿನವೇ ಆ ಕಾರು ಸಾಲಿನಿಂದ ಹೊರಬಿತ್ತು. ವಿಂಟೇಜ್ ನಂಬರ್ ಪಡೆದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಅದು ನಿಜ. ಆದರೆ ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯುವ ಹಕ್ಕು, ಮಾರುವಾಗಿನ ಬೆಲೆ, ಎರಡೂ ಸಣ್ಣವಲ್ಲ.

ಹಾಗಾದರೆ ಎಂದೂ ಬದಲಿಸಬಾರದೇ? ರಾಡ್ ಮುರಿದು ಬ್ಲಾಕ್ ತೂತಾಗಿದ್ದರೆ, ನೀರಿನ ಜಾಗದಲ್ಲಿ ಬಿರುಕು ಓಡಿದ್ದರೆ ಬದಲಿಸದೆ ವಿಧಿಯಿಲ್ಲ. ಆಗ ಅದೇ ಮಾದರಿಯ ಎಂಜಿನ್ ಹುಡುಕಿ, ಬಿಲ್ಲು ಇಟ್ಟುಕೊಂಡು, ಆರ್‌ಟಿಒದಲ್ಲಿ ನಂಬರ್ ತಿದ್ದಿಸಿಕೊಳ್ಳಿ. ವಿದ್ಯುತ್ ಕಿಟ್ ಹಾಕಿಸುವವರಿಗೆ ಕಾಯ್ದೆಯಲ್ಲಿ ದಾರಿಯಿದೆ. ಅನುಮೋದಿತ ಕಿಟ್ ಆಗಿರಬೇಕು, ಅಷ್ಟೆ.

ಸಾರಿಗೆ ಇಲಾಖೆಗೆ ನನ್ನದೊಂದು ಬೇಡಿಕೆ. ಕಂಪನಿಯೇ ಅದೇ ಮಾದರಿಗೆ ಅಧಿಕೃತವಾಗಿ ಕೂರಿಸಿದ್ದ ಎಂಜಿನ್ನನ್ನು ಅದೇ ಮಾದರಿಯ ಹಳೆಯ ಕಾರಿಗೆ ಹಾಕಲು ಸ್ಪಷ್ಟ ದಾರಿ ಮಾಡಿಕೊಡಿ. ಬ್ರೇಕ್ ಪರೀಕ್ಷೆ, ಹೊಗೆ ಪರೀಕ್ಷೆ ಕಡ್ಡಾಯ ಮಾಡಿ, ಪಾಸಾದರೆ ಆರ್‌ಸಿಯಲ್ಲಿ ಬರೆದುಕೊಡಿ. ಇವತ್ತು ಕದ್ದುಮುಚ್ಚಿ ನಡೆಯುವ ಕೆಲಸ ಆಗ ಬೆಳಕಿಗೆ ಬರುತ್ತದೆ, ಕೆಟ್ಟ ಬ್ರೇಕಿನ ಗಾಡಿಗಳೂ ಸಿಕ್ಕಿಬೀಳುತ್ತವೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಒಳ್ಳೆಯ ಮೇಸ್ತ್ರಿಯನ್ನು ಹುಡುಕುವುದು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಸುತ್ತ, ಹುಬ್ಬಳ್ಳಿಯಲ್ಲಿ, ದಾವಣಗೆರೆಯಲ್ಲಿ ಕಿವಿಗೊಟ್ಟೇ ಟ್ಯಾಪೆಟ್ ಸಂದು ಹೇಳುವ ಹಿರಿಯರು ಇನ್ನೂ ಇದ್ದಾರೆ. ಗ್ಯಾರೇಜುಗಳು ಸ್ಕ್ಯಾನರ್ ಕಡೆ ಹೊರಳುತ್ತಿವೆ, ಬೋರಿಂಗ್ ಮಷಿನ್ ಮುಂದೆ ನಿಲ್ಲುವ ಹುಡುಗರು ಕಡಿಮೆಯಾಗುತ್ತಿದ್ದಾರೆ. ಒಂದು ಎಂಜಿನ್ ಕಟ್ಟಿಸಿದರೆ ಬೋರ್ ಅಂಗಡಿ, ಲೇತ್, ಗ್ರೈಂಡಿಂಗ್, ಕಾರ್ಬುರೇಟರ್ ಮೇಸ್ತ್ರಿ, ಇಷ್ಟು ಕೈಗಳಿಗೆ ಕೆಲಸ ಸಿಗುತ್ತದೆ. ನನ್ನ ಪಾಲಿಗೆ ಇದು ದೊಡ್ಡ ಕಾರಣ.

ಕೆಲಸ ಕೊಡುವಾಗ ಎರಡು ಮಾತು ಮೊದಲೇ ಆಡಿಬಿಡಿ. ಪ್ರತಿ ಸಿಲಿಂಡರಿನ, ಪ್ರತಿ ಕ್ರ್ಯಾಂಕ್ ಜರ್ನಲಿನ ಅಳತೆಯನ್ನು ಕಾಗದದಲ್ಲಿ ಬರೆದುಕೊಡಬೇಕು. ಕೊರೆದ ಮೇಲೆ ಬ್ಲಾಕಿನ ಆಯಿಲ್ ದಾರಿಗಳ ಪ್ಲಗ್ ಬಿಚ್ಚಿ ಕಬ್ಬಿಣದ ಪುಡಿ ಉಳಿಯದಂತೆ ತೊಳೆಯಬೇಕು; ಹೊಸ ಬೇರಿಂಗ್ ವಾರದಲ್ಲೇ ಹಾಳಾಗುವುದು ಆ ಪುಡಿಯಿಂದ. ಕಾರು ಕೈಗೆ ಬಂದಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಘಾಟಿ ಹತ್ತಿಸಬೇಡಿ, ಒಂದೇ ವೇಗದಲ್ಲಿ ಎಳೆಯಬೇಡಿ, ಆಮೇಲೆ ಆಯಿಲ್ ಬದಲಿಸಿ, ಹೆಡ್ ಬೋಲ್ಟು ಮತ್ತು ಟ್ಯಾಪೆಟ್ ನೋಡಿಸಲು ಅದೇ ಮೇಸ್ತ್ರಿಯ ಹತ್ತಿರ ಹೋಗಿ.